ಮೂವತ್ತನೆಯ ದಿನದೊಳಗೆ

ಮಕ್ಕಳ ಕಣ್ಣು ಕಳೆಯುವ ಕಾಯಿಲೆಗಳಲ್ಲಿ ಹೆಚ್ಚಿನವು ಬಡತನದ ಬೆನ್ನು ಹಿಡಿದು ಬಂದವು. ಎ ಜೀವಸತ್ವದ ಕೊರತೆಯಿಂದ ಕಣ್ಣು ಒಣಗಿ ಹಾಳಾಗುವುದು, ದಡಾರ ಬಂದು ಹೋದ ಮೇಲೆ ಕಣ್ಣಿಗೆ ಹೂ ಬೀಳುವುದು, ಇಂಥವೆಲ್ಲ ಹೊಟ್ಟೆಗೆ ಅನ್ನ, ತೋಳಿಗೆ ಲಸಿಕೆ ಸಿಕ್ಕಂತೆ ಹಿಂದೆ ಸರಿದವು. ಒಂದು ಕಾಯಿಲೆ ಮಾತ್ರ ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಆಸ್ಪತ್ರೆಯೇ ಇಲ್ಲದ ಕಡೆ ಅದು ಕಾಣಿಸಿಕೊಳ್ಳುವುದಿಲ್ಲ, ಏಕೆಂದರೆ ಅದಕ್ಕೆ ತುತ್ತಾಗಬೇಕಾದ ಕೂಸು ಅಲ್ಲಿ ಮೊದಲ ವಾರವನ್ನೇ ದಾಟುವುದಿಲ್ಲ. ತಿಂಗಳು ತುಂಬದೆ ಹುಟ್ಟಿದ ಒಂದೂಕಾಲು ಕಿಲೋ ತೂಕದ ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಆಮ್ಲಜನಕ ಕೊಟ್ಟು, ಹನಿ ಹನಿಯಾಗಿ ಹಾಲು ಕುಡಿಸಿ ಉಳಿಸಿಕೊಳ್ಳುವ ಸಾಮರ್ಥ್ಯ ಬಂದ ಕಡೆ ಅದು ತಲೆ ಎತ್ತುತ್ತದೆ. ವೈದ್ಯರು ಅದನ್ನು ರೆಟಿನೋಪತಿ ಆಫ್ ಪ್ರಿಮೆಚ್ಯುರಿಟಿ ಎನ್ನುತ್ತಾರೆ. ವಾರ್ಡುಗಳಲ್ಲಿ ಓಡಾಡುವ ಹೆಸರು ಆರ್‌ಒಪಿ.

ಈ ಅಧ್ಯಾಯದ ವಾದ ಒಂದೇ. ಮಗುವಿನ ಜೀವ ಉಳಿಸಿದ ಆಸ್ಪತ್ರೆಯ ಶಿಶು ಘಟಕವೇ ಅದರ ಕಣ್ಣಿನ ತಪಾಸಣೆಯ ಹೊಣೆಯನ್ನೂ ಹೊರಬೇಕು. ತಪಾಸಣೆಯ ದಿನವನ್ನು ನೆನಪಿಟ್ಟುಕೊಂಡು ಹಾಜರಾಗುವ ಭಾರವನ್ನು ಹಸಿಬಾಣಂತಿಯ ಮೇಲೆ ಹಾಕಿ ಆಸ್ಪತ್ರೆ ಕೈ ತೊಳೆದುಕೊಳ್ಳಬಾರದು. ಕೇಳಲು ಸರಳವಾಗಿರುವ ಈ ಮಾತು ಆಚರಣೆಯಲ್ಲಿ ಎಷ್ಟು ಬಿಗಿಯಾದುದು ಎಂಬುದನ್ನು ತೋರಿಸಲು ನಾನು ಸೋಮನೂರನ್ನು ಮುಂದಿಟ್ಟುಕೊಳ್ಳುತ್ತೇನೆ. ಕೊಯಮತ್ತೂರಿಗೂ ತಿರುಪ್ಪೂರಿಗೂ ನಡುವೆ ಇರುವ, ವಿದ್ಯುತ್ ಮಗ್ಗಗಳನ್ನೇ ನಂಬಿದ ಪಟ್ಟಣ ಅದು. ಕರುಮತ್ತಂಪಟ್ಟಿ, ಸೂಲೂರು, ಪಲ್ಲಡಂ ಸುತ್ತಿನ ಆ ಮಗ್ಗದ ಸೀಮೆಯಲ್ಲಿ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುತ್ತ ತಲೆಮಾರುಗಳನ್ನು ಕಳೆದ ದೇವಾಂಗ ಕುಟುಂಬಗಳಿವೆ. ಸೋಮನೂರನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಆರ್‌ಒಪಿ ಕುರಿತ ಚರ್ಚೆಯಲ್ಲಿ ಎಲ್ಲರೂ ಮೊದಲು ಹೇಳುವುದು ದೂರದ ಸಮಸ್ಯೆಯನ್ನು. ಸೋಮನೂರಿಗೆ ಆ ಸಮಸ್ಯೆ ಇಲ್ಲ. ನವಜಾತ ಶಿಶುಗಳ ಕಣ್ಣು ನೋಡಬಲ್ಲ, ದೇಶಕ್ಕೇ ಹೆಸರಾದ ತಜ್ಞರು ಕೊಯಮತ್ತೂರಿನ ಅವಿನಾಶಿ ರಸ್ತೆಯ ಅರವಿಂದ ಕಣ್ಣಾಸ್ಪತ್ರೆಯಲ್ಲಿದ್ದಾರೆ. ದೂರವನ್ನು ಲೆಕ್ಕದಿಂದ ತೆಗೆದುಬಿಟ್ಟ ಮೇಲೂ ಏನು ಉಳಿಯುತ್ತದೆ ಎಂಬುದು ಅಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಮೊದಲು ಕಾಯಿಲೆಯ ಒಳಗನ್ನು ನೋಡಬೇಕು. ಕಣ್ಣಿನ ಹಿಂಭಾಗದ ಒಳಗೋಡೆಗೆ ಅಂಟಿಕೊಂಡಿರುವ ತೆಳು ಪದರವೇ ಅಕ್ಷಿಪಟಲ. ಬೆಳಕನ್ನು ಗ್ರಹಿಸುವುದು ಅದು. ಗರ್ಭದ ಹದಿನಾರನೆಯ ವಾರದ ಹೊತ್ತಿಗೆ ಅದರ ನಡುಭಾಗದಿಂದ, ದೃಷ್ಟಿನರ ಹೊರಡುವ ಜಾಗದಿಂದ, ರಕ್ತನಾಳಗಳು ಚಿಗುರಲು ತೊಡಗಿ ನಿಧಾನವಾಗಿ ಅಂಚಿನ ಕಡೆಗೆ ಹಬ್ಬುತ್ತವೆ. ಮೂಗಿನ ಕಡೆಯ ಅಂಚನ್ನು ಅವು ಮುಟ್ಟುವುದು ಸುಮಾರು ಮೂವತ್ತಾರನೆಯ ವಾರದಲ್ಲಿ. ಕಿವಿಯ ಕಡೆಯ ಅಂಚು ಇನ್ನೂ ದೂರ; ಅಲ್ಲಿಗೆ ತಲುಪುವಾಗ ನಲವತ್ತು ವಾರ ತುಂಬಿರುತ್ತದೆ. ಇಪ್ಪತ್ತೊಂಬತ್ತನೆಯ ವಾರದಲ್ಲಿ ಹುಟ್ಟಿದ ಮಗುವಿನ ಅಕ್ಷಿಪಟಲ ಅರ್ಧ ತೋಡಿ ಬಿಟ್ಟ ಕಾಲುವೆಯ ಕೆಳಗಿನ ಬಯಲಿನಂತೆ: ಮೇಲಿನ ಗದ್ದೆಗಳಿಗೆ ನೀರುಂಟು, ಕೊನೆಯಂಚಿನವಕ್ಕೆ ಇಲ್ಲ. ಗರ್ಭದೊಳಗೆ ಆಮ್ಲಜನಕದ ಮಟ್ಟ ಕಡಿಮೆ, ಆ ಕೊರತೆಯೇ ನಾಳಗಳನ್ನು ಮುಂದಕ್ಕೆ ಕರೆಯುವ ಸಂಕೇತ. ಹೊರಗೆ ಬಂದ ಕೂಡಲೇ ಗಾಳಿಯ ಆಮ್ಲಜನಕ, ಅದರ ಮೇಲೆ ಸಿಲಿಂಡರಿನ ಆಮ್ಲಜನಕ ಸೇರಿ ಆ ಸಂಕೇತ ಅಡಗುತ್ತದೆ. ನಾಳಗಳ ಬೆಳವಣಿಗೆ ನಿಲ್ಲುತ್ತದೆ, ಇದ್ದ ಎಳೆಯ ನಾಳಗಳೂ ಮುರುಟುತ್ತವೆ. ಇದು ಮೊದಲ ಘಟ್ಟ, ಯಾವ ಸದ್ದೂ ಇಲ್ಲದ್ದು. ಕೆಲವು ವಾರ ಕಳೆದು ಅಕ್ಷಿಪಟಲ ಬಲಿತಂತೆ ರಕ್ತವಿಲ್ಲದ ಅಂಚು ಹಸಿಯುತ್ತದೆ, ವಿಇಜಿಎಫ್ ಎಂಬ ಪ್ರೋಟೀನನ್ನು ಮಿತಿಮೀರಿ ಸುರಿಸುತ್ತದೆ. ಆಗ ನಾಳಗಳು ದಿಕ್ಕು ತಪ್ಪಿ, ಪದರ ಬಿಟ್ಟು ಕಣ್ಣಿನ ಒಳಗಿನ ಪಾರದರ್ಶಕ ದ್ರವ್ಯದೊಳಕ್ಕೆ ಬೆಳೆಯುತ್ತವೆ. ಅವುಗಳ ಜೊತೆ ಬೆಳೆದ ನಾರು ಒಣಗಿ ಬಿಗಿದಾಗ ಅಕ್ಷಿಪಟಲವೇ ಕಿತ್ತು ಬರುತ್ತದೆ. ಐದನೆಯ ಹಂತ ಎಂದು ಹೇಳುವುದು ಇದನ್ನೇ. ಅಲ್ಲಿಂದ ಹಿಂದಿರುಗುವ ದಾರಿ ಹೆಚ್ಚುಕಡಿಮೆ ಇಲ್ಲ. ಶಸ್ತ್ರಕ್ರಿಯೆ ಮಾಡಿದರೂ ಬಹುಪಾಲು ಮಕ್ಕಳಿಗೆ ದಕ್ಕುವುದು ಬೆಳಕು ನೆರಳಿನ ಅರಿವಷ್ಟೇ.

ಆಮ್ಲಜನಕ ಇದರಲ್ಲಿ ಪಾಲುದಾರ ಎಂದು ತಿಳಿಯಲು ಹನ್ನೆರಡು ವರ್ಷ ಹಿಡಿಯಿತು. 1942ರಲ್ಲಿ ಬಾಸ್ಟನ್ನಿನ ಥಿಯೋಡರ್ ಟೆರಿ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಕಣ್ಣಿನ ಮಸೂರದ ಹಿಂದೆ ಬಿಳಿಯ ಪೊರೆಯೊಂದು ಕಟ್ಟಿಕೊಂಡಿದ್ದನ್ನು ವರದಿ ಮಾಡಿದರು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಜಗತ್ತಿನಾದ್ಯಂತ ಸುಮಾರು ಹತ್ತು ಸಾವಿರ ಮಕ್ಕಳು ಹೀಗೆ ದೃಷ್ಟಿ ಕಳೆದುಕೊಂಡರು. 1950ರಲ್ಲಿ ಹುಟ್ಟಿದ ಅಮೆರಿಕದ ಗಾಯಕ ಸ್ಟೀವಿ ವಂಡರ್ ಅವರಲ್ಲೊಬ್ಬರು. ವಿಚಿತ್ರವೆಂದರೆ ಒಳ್ಳೆಯ ಸಲಕರಣೆಗಳಿದ್ದ, ಒಳ್ಳೆಯ ಹೆಸರಿದ್ದ ಆಸ್ಪತ್ರೆಗಳಲ್ಲೇ ಕಾಯಿಲೆ ಹೆಚ್ಚಿತ್ತು. 1951ರಲ್ಲಿ ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್ ಆಮ್ಲಜನಕದ ಕಡೆಗೆ ಬೆರಳು ತೋರಿದರು. ವಾಷಿಂಗ್ಟನ್ನಿನಲ್ಲಿ ಆರ್ನಲ್ ಪಾಟ್ಜ್ ಮಕ್ಕಳನ್ನು ಎರಡು ಗುಂಪು ಮಾಡಿ ಪರೀಕ್ಷೆಗಿಳಿದಾಗ, ಆಮ್ಲಜನಕ ಕಡಿಮೆ ಮಾಡಿದರೆ ಕೂಸು ಸತ್ತೀತೆಂದು ಹೆದರಿದ ಕೆಲವು ದಾದಿಯರು ರಾತ್ರಿ ವೇಳೆ ಕೊಳಾಯಿ ತಿರುಗಿಸಿ ಹೆಚ್ಚು ಮಾಡುತ್ತಿದ್ದರಂತೆ. ಅವರನ್ನು ದೂರುವಂತಿಲ್ಲ. 1954ರಲ್ಲಿ ಎವರೆಟ್ ಕಿನ್ಸಿ ಅವರ ನೇತೃತ್ವದಲ್ಲಿ ಹದಿನೆಂಟು ಆಸ್ಪತ್ರೆಗಳು ಕೂಡಿ ಮಾಡಿದ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಅನುಮಾನ ಉಳಿಯಲಿಲ್ಲ.

ಹಾಗಿದ್ದರೆ ತಪಾಸಣೆಯ ಗೊಡವೆ ಯಾಕೆ, ಆಮ್ಲಜನಕವನ್ನೇ ಕಡಿತ ಮಾಡಿದರಾಯಿತಲ್ಲ ಎಂಬುದು ಮೊದಲ ಆಕ್ಷೇಪ. ಜಗತ್ತು ಅದನ್ನು ಮಾಡಿ ನೋಡಿದೆ. 1954ರ ನಂತರ ಆಮ್ಲಜನಕವನ್ನು ಬಿಗಿಹಿಡಿದಾಗ ಕುರುಡು ಇಳಿಯಿತು, ಉಸಿರಿಲ್ಲದೆ ಸತ್ತ ಕೂಸುಗಳ ಸಂಖ್ಯೆ ಏರಿತು. 1973ರಲ್ಲಿ ಬ್ರಿಟನ್ನಿನ ಕೆನೆತ್ ಕ್ರಾಸ್ ಲೆಕ್ಕ ಹಾಕಿ, ಒಂದು ಮಗುವಿನ ದೃಷ್ಟಿ ಉಳಿಸಲು ಸುಮಾರು ಹದಿನಾರು ಮಕ್ಕಳ ಜೀವ ತೆತ್ತಿರಬಹುದು ಎಂದು ಅಂದಾಜಿಸಿದರು. ಅದು ಹಳೆಯ ಕಾಲದ ಒರಟು ವಿಧಾನ ಎನ್ನೋಣವೆಂದರೆ, ರಕ್ತದ ಆಮ್ಲಜನಕವನ್ನು ಕ್ಷಣಕ್ಷಣಕ್ಕೂ ಅಳೆಯುವ ಈ ಕಾಲದಲ್ಲೂ ಅದೇ ಇಕ್ಕಟ್ಟು ಎದುರಾಗಿದೆ. ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಸಪೋರ್ಟ್ ಅಧ್ಯಯನದಲ್ಲಿ, ಶೇ 85-89ರ ಮಟ್ಟದಲ್ಲಿ ಇಟ್ಟ ಮಕ್ಕಳ ಪೈಕಿ ಬದುಕಿ ಉಳಿದವರಲ್ಲಿ ತೀವ್ರ ಆರ್‌ಒಪಿ ಬಂದದ್ದು ಶೇ 8.6ರಷ್ಟು ಮಂದಿಗೆ, ಶೇ 91-95ರ ಮಟ್ಟದಲ್ಲಿ ಇಟ್ಟವರಲ್ಲಿ ಶೇ 17.9ರಷ್ಟು. ಆದರೆ ಆಸ್ಪತ್ರೆಯಿಂದ ಹೊರಡುವ ಮೊದಲೇ ಸತ್ತವರು ಮೊದಲ ಗುಂಪಿನಲ್ಲಿ ಶೇ 19.9, ಎರಡನೆಯದರಲ್ಲಿ ಶೇ 16.2. ಜೀವವನ್ನು ಪಣವಿಟ್ಟು ಕಣ್ಣು ಕಾಯುವ ಆಯ್ಕೆಯನ್ನು ಯಾವ ತಾಯಿಯೂ ಮಾಡಲಾರಳು, ಯಾವ ವೈದ್ಯರೂ ಮಾಡಬಾರದು. ಎಂದರೆ ಆಮ್ಲಜನಕವನ್ನು ಎಷ್ಟೇ ಹದವಾಗಿ ಕೊಟ್ಟರೂ ಕೆಲವು ಮಕ್ಕಳಿಗೆ ಕಾಯಿಲೆ ಬಂದೇ ಬರುತ್ತದೆ. ಅವರನ್ನು ಕಂಡುಹಿಡಿಯಲು ಕಣ್ಣು ನೋಡುವುದೊಂದೇ ಉಪಾಯ.

ಹಾಗೆಂದು ಹದ ತಪ್ಪಿದ ಆಮ್ಲಜನಕವನ್ನು ಕ್ಷಮಿಸಬೇಕಾಗಿಲ್ಲ. ಲಂಡನ್ನಿನ ಕ್ಲೇರ್ ಗಿಲ್ಬರ್ಟ್ ಮತ್ತು ಸಂಗಡಿಗರು 1990ರ ದಶಕದಿಂದ ತೋರಿಸುತ್ತ ಬಂದ ಸಂಗತಿ ಇದು: ತೀರ ಬಡದೇಶಗಳಲ್ಲಿ ಈ ಕುರುಡು ವಿರಳ, ತೀರ ಶ್ರೀಮಂತ ದೇಶಗಳಲ್ಲೂ ಕಡಿಮೆ, ನಡುವಿನ ದೇಶಗಳಲ್ಲೇ ಹೆಚ್ಚು. ಅಲ್ಲಿ ಶಿಶು ಘಟಕಗಳು ಬೇಗ ಬೇಗ ತೆರೆದುಕೊಂಡವು, ಆಮ್ಲಜನಕವನ್ನು ಗಾಳಿಯೊಂದಿಗೆ ಬೆರೆಸುವ ಬ್ಲೆಂಡರು, ರಕ್ತದ ಮಟ್ಟ ತೋರಿಸುವ ಪಲ್ಸ್ ಆಕ್ಸಿಮೀಟರು, ಅದನ್ನು ನೋಡುತ್ತ ಕೂರಬಲ್ಲ ದಾದಿಯರ ಸಂಖ್ಯೆ ಅಷ್ಟು ಬೇಗ ಬೆಳೆಯಲಿಲ್ಲ. ಭಾರತ ಈ ನಡುವಿನ ಸಾಲಿನಲ್ಲಿದೆ. 2020ರ ಅಂದಾಜಿನಂತೆ ನಮ್ಮಲ್ಲಿ ವರ್ಷಕ್ಕೆ ಸುಮಾರು ಮೂವತ್ತು ಲಕ್ಷ ಮಕ್ಕಳು ಅವಧಿಗೆ ಮುನ್ನ ಹುಟ್ಟುತ್ತಾರೆ, ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ. ಇದರ ಒಂದು ಪರಿಣಾಮ ಕೊಯಮತ್ತೂರಿನಿಂದಲೇ ದಾಖಲಾಗಿದೆ. ಅಲ್ಲಿನ ಅರವಿಂದ ಆಸ್ಪತ್ರೆಯ ಪರಾಗ್ ಷಾ, ವಿ. ನರೇಂದ್ರನ್ ಮತ್ತು ಸಂಗಡಿಗರು 2012ರಲ್ಲಿ, ಪಶ್ಚಿಮದ ದೇಶಗಳಲ್ಲಿ ಅಪಾಯವಿಲ್ಲವೆಂದು ಬಿಟ್ಟುಬಿಡುವಷ್ಟು ತೂಕವಿದ್ದ ಶಿಶುಗಳಿಗೂ ಕೆಲವೇ ದಿನಗಳಲ್ಲಿ ಉಲ್ಬಣಿಸುವ ಆಕ್ರಮಣಕಾರಿ ಬಗೆಯ ಆರ್‌ಒಪಿ ಬಂದದ್ದನ್ನು ವರದಿ ಮಾಡಿದರು. ಗಾಳಿ ಬೆರೆಸದ ಆಮ್ಲಜನಕ ಕುಡಿದ ಮಕ್ಕಳು ಅವು. ಅಮೆರಿಕದ ನಿಯಮ ಒಂದೂವರೆ ಕಿಲೋ ಅಥವಾ ಮೂವತ್ತು ವಾರದೊಳಗಿನ ಮಕ್ಕಳನ್ನು ನೋಡಿ ಎನ್ನುತ್ತದೆ. ಅದನ್ನೇ ಇಲ್ಲಿ ನಕಲು ಮಾಡಿದ್ದರೆ ಈ ಮಕ್ಕಳು ಪಟ್ಟಿಯಿಂದಲೇ ಹೊರಗುಳಿಯುತ್ತಿದ್ದರು. ಅದಕ್ಕಾಗಿಯೇ ಕೇಂದ್ರ ಆರೋಗ್ಯ ಸಚಿವಾಲಯದ 2017ರ ಮಾರ್ಗಸೂಚಿ ಬಲೆಯನ್ನು ಅಗಲ ಮಾಡಿತು: ಎರಡು ಕಿಲೋಗಿಂತ ಕಡಿಮೆ ತೂಕ, ಇಲ್ಲವೇ ಮೂವತ್ನಾಲ್ಕು ವಾರಕ್ಕಿಂತ ಮೊದಲು ಹುಟ್ಟಿದ್ದು; ಅದಕ್ಕಿಂತ ದೊಡ್ಡ ಮಗುವಾದರೂ ಹೆಚ್ಚು ದಿನ ಆಮ್ಲಜನಕದಲ್ಲಿದ್ದು, ಸೋಂಕಿನಂಥ ತೊಂದರೆ ಕಂಡಿದ್ದರೆ ಅದೂ ಸೇರಬೇಕು. ಮೊದಲ ಪರೀಕ್ಷೆ ಹುಟ್ಟಿದ ಮೂವತ್ತು ದಿನದೊಳಗೆ. ಇಪ್ಪತ್ತೆಂಟು ವಾರಕ್ಕೂ ಮುನ್ನ ಹುಟ್ಟಿದ, ಇಲ್ಲವೇ 1,200 ಗ್ರಾಂಗೂ ಕಡಿಮೆ ತೂಗಿದ ಕೂಸಿಗಾದರೆ ಎರಡು ಮೂರು ವಾರದೊಳಗೆ.

ಮೂವತ್ತು ದಿನ ಎಂಬುದು ಯಾರೋ ಅನುಕೂಲಕ್ಕೆ ಆರಿಸಿದ ಅಂಕಿಯಲ್ಲ. ಮೇಲೆ ಹೇಳಿದ ಎರಡನೆಯ ಘಟ್ಟ, ನಾಳಗಳು ಹುಚ್ಚೆದ್ದು ಬೆಳೆಯುವ ಘಟ್ಟ, ಹೆಚ್ಚಿನ ಮಕ್ಕಳಲ್ಲಿ ಆರಂಭವಾಗುವುದು ಆ ಹೊತ್ತಿಗೆ. ಅಲ್ಲಿಂದ ಮುಂದಕ್ಕೆ ಚಿಕಿತ್ಸೆಗೆ ಸಿಗುವ ಕಾಲ ಕೆಲವೇ ವಾರ. ಚಿಕಿತ್ಸೆ ಬೇಕೆಂದು ಒಮ್ಮೆ ತೀರ್ಮಾನವಾದರೆ ಎರಡು ಮೂರು ದಿನಗಳಲ್ಲಿ ಆಗಿಬಿಡಬೇಕು. ಆ ಚಿಕಿತ್ಸೆ ಕೆಲಸ ಮಾಡುತ್ತದೆ ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ. 1988ರಲ್ಲಿ ಮೊದಲ ಫಲಿತಾಂಶ ಕೊಟ್ಟ ಅಮೆರಿಕದ ಕ್ರಯೋ-ಆರ್‌ಒಪಿ ಪರೀಕ್ಷೆಯಲ್ಲಿ, ರಕ್ತನಾಳವಿಲ್ಲದ ಅಂಚನ್ನು ಶೀತದಿಂದ ಸುಟ್ಟ ಕಣ್ಣುಗಳಲ್ಲಿ ಕೆಟ್ಟ ಪರಿಣಾಮ ಶೇ 21.8ಕ್ಕೆ ಇಳಿಯಿತು, ಚಿಕಿತ್ಸೆ ಕೊಡದ ಕಣ್ಣುಗಳಲ್ಲಿ ಅದು ಶೇ 43 ಇತ್ತು. ಆಮೇಲೆ ಲೇಸರ್ ಬಂದು ಫಲಿತಾಂಶ ಇನ್ನೂ ಸುಧಾರಿಸಿತು. ಆದರೆ ಈ ಕಾಲಾವಧಿಯಲ್ಲಿ ಕಣ್ಣು ಹೊರಗಿನಿಂದ ನೋಡಲು ಚೆನ್ನಾಗಿಯೇ ಇರುತ್ತದೆ. ಕೆಂಪಿಲ್ಲ, ಪಿಸುರಿಲ್ಲ, ನೋವಿಲ್ಲ. ಮಗು ಬೆಳಕಿಗೆ ಕಣ್ಣು ಕಿವುಚುತ್ತದೆ. ಪಾಪೆಯೊಳಗೆ ಬೆಳ್ಳಗೆ ಕಂಡು ಮನೆಯವರು ಗಾಬರಿಯಾಗಿ ಬರುವ ಹೊತ್ತಿಗೆ ಐದನೆಯ ಹಂತ ಮುಟ್ಟಿರುತ್ತದೆ. ತೊಂದರೆ ಕಂಡರೆ ಬನ್ನಿ ಎಂದು ಹೇಳಿ ಕಳಿಸುವ ವೈದ್ಯಪದ್ಧತಿ ಈ ಕಾಯಿಲೆಯ ಮುಂದೆ ನಡೆಯುವುದಿಲ್ಲ.

ಕರ್ನಾಟಕ ಇದಕ್ಕೆ ಕಂಡುಕೊಂಡ ದಾರಿ ಜಗತ್ತಿನ ಗಮನ ಸೆಳೆದಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಆನಂದ್ ವಿನೇಕರ್ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯ ತಿರುಳು ಇಷ್ಟು: ಮಗುವನ್ನು ತಜ್ಞರ ಬಳಿಗೆ ಕರೆಸುವ ಬದಲು ಕ್ಯಾಮೆರಾವನ್ನು ಮಗುವಿನ ಬಳಿಗೆ ಒಯ್ಯುವುದು. ತರಬೇತಿ ಪಡೆದ ತಂತ್ರಜ್ಞರು ರೆಟ್‌ಕ್ಯಾಮ್ ಎಂಬ, ಅಕ್ಷಿಪಟಲದ ಬಹುಭಾಗವನ್ನು ಒಂದೇ ನೋಟದಲ್ಲಿ ಸೆರೆಹಿಡಿಯುವ ಯಂತ್ರವನ್ನು ವಾಹನದಲ್ಲಿಟ್ಟುಕೊಂಡು ಗೊತ್ತುಪಡಿಸಿದ ವಾರದ ದಿನ ಜಿಲ್ಲಾ ಆಸ್ಪತ್ರೆಗಳಿಗೆ, ಖಾಸಗಿ ಶಿಶು ಘಟಕಗಳಿಗೆ ಹೋಗುತ್ತಾರೆ. ಚಿತ್ರ ತೆಗೆಯುತ್ತಾರೆ, ಅಲ್ಲೇ ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸುತ್ತಾರೆ. ಚಿತ್ರಗಳು ಬೆಂಗಳೂರಿನ ತಜ್ಞರ ಫೋನಿಗೆ ತಲುಪುತ್ತವೆ. ಲೇಸರ್ ಬೇಕಾದರೆ ಅದೂ ಸಾಧ್ಯವಾದಷ್ಟು ಅಲ್ಲಿಯೇ. ಮುಂದೆ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಮೂಲಕ ರಾಜ್ಯ ಸರ್ಕಾರ ಕೈ ಜೋಡಿಸಿದ್ದರಿಂದ ಉತ್ತರ ಕರ್ನಾಟಕದ ಜಿಲ್ಲೆಗಳಿಗೂ ಇದು ಹಬ್ಬಿತು. ಇಂಥ ಕ್ಯಾಮೆರಾ ಕೋಟಿಗೆ ಹತ್ತಿರದ ಬೆಲೆಯದಾಗಿದ್ದಾಗ ಯೋಜನೆ ವಿಸ್ತರಿಸುವುದು ಕಷ್ಟವಿತ್ತು. ಬೆಂಗಳೂರಿನ ಫೋರಸ್ ಹೆಲ್ತ್ ಕಂಪನಿ 3ನೇತ್ರ ನಿಯೊ ಎಂಬ ಅಗ್ಗದ ಯಂತ್ರ ತಯಾರಿಸಿದ್ದು ಆ ಅಡ್ಡಿಯನ್ನು ತಗ್ಗಿಸಿತು. ಕೊಯಮತ್ತೂರಿನ ಅರವಿಂದ ಆಸ್ಪತ್ರೆಯೂ 2015ರಿಂದ ರೋಪ್-ಎಸ್‌ಒಎಸ್ ಎಂಬ ಹೆಸರಿನಲ್ಲಿ ಇದೇ ಬಗೆಯ ಸಂಚಾರಿ ತಪಾಸಣೆಯನ್ನು ಸುತ್ತಲಿನ ಶಿಶು ಘಟಕಗಳಲ್ಲಿ ನಡೆಸುತ್ತ ಬಂದಿದೆ.

ವೈದ್ಯರಲ್ಲದವರು ಇಷ್ಟು ಸೂಕ್ಷ್ಮದ ಕೆಲಸ ಮಾಡಬಹುದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು, ಏಕೆಂದರೆ ತಪ್ಪಿದ ಒಂದು ಕಣ್ಣಿಗೆ ಎರಡನೆಯ ಅವಕಾಶವಿಲ್ಲ. ಉತ್ತರವನ್ನು ಅಂಕಿಗಳೇ ಹೇಳಲಿ. 2014ರಲ್ಲಿ ಕಿಡ್‌ರಾಪ್ ಪ್ರಕಟಿಸಿದ ವರದಿಯಲ್ಲಿ 1,601 ಶಿಶುಗಳ ಚಿತ್ರಗಳಿದ್ದವು. ಮೇಲ್ದರ್ಜೆಯ ತರಬೇತಿ ಪಡೆದ ತಂತ್ರಜ್ಞರ ತೀರ್ಮಾನ ಶೇ 94.3ರಷ್ಟು ಸಲ ತಜ್ಞರ ತೀರ್ಮಾನಕ್ಕೆ ತಾಳೆಯಾಯಿತು. ಚಿಕಿತ್ಸೆ ಬೇಕಾಗಿದ್ದೂ ಅವರ ಕಣ್ತಪ್ಪಿದ ಶಿಶುಗಳು ಶೇ 0.4. ಅದರ ಮೇಲೆ ತಜ್ಞರು ಚಿತ್ರಗಳನ್ನು ನೋಡುವುದರಿಂದ ಆ ತಪ್ಪಿಗೂ ತಡೆಯಿದೆ. ಇದನ್ನು ಆದರ್ಶ ತಜ್ಞರೊಬ್ಬರ ಜೊತೆ ಹೋಲಿಸುವುದು ಸರಿಯಲ್ಲ. ಯಾರೂ ನೋಡದೆ ಬಿಟ್ಟ ಸ್ಥಿತಿಯ ಜೊತೆ ಹೋಲಿಸಬೇಕು. ಎಳೆ ಶಿಶುವಿನ ಅಕ್ಷಿಪಟಲ ಓದಬಲ್ಲ ನೇತ್ರತಜ್ಞರು ದೇಶದಲ್ಲಿ ಬೆರಳೆಣಿಕೆಯೆನ್ನುವಷ್ಟು ಕಡಿಮೆ. ಅವರು ಊರೂರು ಅಲೆದರೆ ಚಿಕಿತ್ಸೆ ಮಾಡುವವರು ಯಾರು? ಯಂತ್ರದ ಬುದ್ಧಿಯೂ ಈಗ ಜೊತೆಗೂಡಿದೆ. ಅಮೆರಿಕದ ಸಂಶೋಧಕರು ಅರವಿಂದದವರೊಂದಿಗೆ ಸೇರಿ, ಇದೇ ರೋಪ್-ಎಸ್‌ಒಎಸ್ ಚಿತ್ರಗಳ ಮೇಲೆ ಕಂಪ್ಯೂಟರ್ ವಿಧಾನವೊಂದನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ಚಿಕಿತ್ಸೆ ಬೇಕಾಗಿದ್ದ ಒಂದು ಮಗುವನ್ನೂ ಅದು ಬಿಡಲಿಲ್ಲ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಅದೇ ಅಧ್ಯಯನದ ಇನ್ನೊಂದು ಸಂಗತಿ: ಬ್ಲೆಂಡರು, ಆಕ್ಸಿಮೀಟರು ಎರಡೂ ಇದ್ದ ಘಟಕಗಳ ಮಕ್ಕಳಲ್ಲಿ ಕಾಯಿಲೆಯ ತೀವ್ರತೆ ಕಡಿಮೆ, ಇಲ್ಲದ ಕಡೆ ಹೆಚ್ಚು. ತಪಾಸಣೆಯ ಚಿತ್ರಗಳೇ ಯಾವ ಘಟಕದಲ್ಲಿ ಆಮ್ಲಜನಕದ ಹದ ತಪ್ಪಿದೆ ಎಂದು ಹೇಳಿಬಿಟ್ಟವು. ತಡೆಗಟ್ಟುವುದು ಬೇರೆ, ತಪಾಸಣೆ ಬೇರೆ ಎಂದು ಎರಡನ್ನು ಎದುರುಬದುರು ನಿಲ್ಲಿಸುವವರು ಇದನ್ನು ಗಮನಿಸಬೇಕು.

ಇನ್ನು ಸೋಮನೂರಿಗೆ ಬರೋಣ. ತಜ್ಞರು ಹತ್ತಿರ, ಬಸ್ಸು ಹೇರಳ, ರೈಲೂ ಉಂಟು. ತಮಿಳುನಾಡಿನ ಶಿಶುಮರಣ ದರ 2020ರ ಸಮೀಕ್ಷೆಯಂತೆ ಸಾವಿರಕ್ಕೆ 13. ದೇಶದ ಸರಾಸರಿ 28 ಇದ್ದಾಗ. ಎಂದರೆ ಉಳಿಯುವ ಕೂಸುಗಳು ಅಲ್ಲಿ ಹೆಚ್ಚು, ಹಾಗಾಗಿ ಕಣ್ಣು ನೋಡಬೇಕಾದ ಕೂಸುಗಳೂ ಹೆಚ್ಚು. ಅಂಥ ಕೂಸು ಇಪ್ಪತ್ತನೆಯ ದಿನಕ್ಕೋ ಇಪ್ಪತ್ತೈದನೆಯ ದಿನಕ್ಕೋ ಚೇತರಿಸಿಕೊಂಡು ಮನೆಗೆ ಹೊರಟಿತೆನ್ನಿ. ಮೂವತ್ತನೆಯ ದಿನ ಬೀಳುವುದು ಬಾಣಂತನದ ನಟ್ಟನಡುವೆ. ಹಸಿಬಾಣಂತಿ, ಅದರಲ್ಲೂ ಕೈಯಳತೆಯ ಕೂಸನ್ನು ಮಡಿಲಲ್ಲಿಟ್ಟುಕೊಂಡವಳು, ಹೊಸ್ತಿಲು ದಾಟಬಾರದೆಂದು ಅಜ್ಜಿಯಂದಿರು ಕಾಯುವ ದಿನಗಳವು. ಗಾಳಿ, ಸೋಂಕು ತಾಗೀತೆಂಬ ಅವರ ಭಯ ಸುಳ್ಳೂ ಅಲ್ಲ. ಅವಧಿಪೂರ್ವ ಶಿಶುವನ್ನು ಜನಜಂಗುಳಿಯಿಂದ ದೂರವಿಡಿ ಎಂದು ವೈದ್ಯರೇ ಹೇಳಿ ಕಳಿಸಿರುತ್ತಾರೆ. ತಾಯಿ ತವರಿಗೆ ಹೋಗಿದ್ದರೆ ಆಸ್ಪತ್ರೆಯ ಕಡತದಲ್ಲಿರುವ ವಿಳಾಸ ಗಂಡನ ಮನೆಯದು, ಫೋನು ಗಂಡನದು. ಅವನು ಮಗ್ಗದ ಪಾಳಿಯಲ್ಲಿರುತ್ತಾನೆ. ನೇಯ್ದ ಮೀಟರಿನ ಲೆಕ್ಕದಲ್ಲಿ ಕೂಲಿ ಪಡೆಯುವ ಮನೆಗೆ ಒಂದು ದಿನ ಮಗ್ಗ ನಿಂತರೆ ಆ ದಿನದ ದುಡಿಮೆ ಅಷ್ಟೂ ಹೋಯಿತು. ಲಸಿಕೆಗೆ ಹೋಗುವಾಗ ಕಣ್ಣನ್ನೂ ತೋರಿಸೋಣ ಎಂದುಕೊಂಡರೆ, ಹುಟ್ಟಿದಾಗಿನ ಲಸಿಕೆಯ ನಂತರ ಮುಂದಿನದು ಬರುವುದು ಆರನೆಯ ವಾರಕ್ಕೆ. ಅಷ್ಟರಲ್ಲಿ ಮೂವತ್ತನೆಯ ದಿನ ಕಳೆದು ಹತ್ತಿರ ಹತ್ತಿರ ಎರಡು ವಾರ ಸಂದಿರುತ್ತದೆ. ಇದರಲ್ಲಿ ಯಾರ ಅಜ್ಞಾನವೂ ಇಲ್ಲ, ಉದಾಸೀನವೂ ಇಲ್ಲ. ಪ್ರತಿಯೊಬ್ಬರೂ ತಮಗೆ ತಿಳಿದ ಮಟ್ಟಿಗೆ ಮಗುವಿನ ಹಿತವನ್ನೇ ಮಾಡುತ್ತಿರುತ್ತಾರೆ. ಆದರೂ ದಿನ ತಪ್ಪುತ್ತದೆ.

ಆದ್ದರಿಂದ ಪೋಷಕರಿಗೆ ತಿಳಿವಳಿಕೆ ಕೊಡಿ ಎಂಬ ಸಲಹೆ ಸಾಲದು. ತಿಳಿವಳಿಕೆ ಬೇಕು, ನಿಜ. ಆದರೆ ತಿಳಿದವರ ಮನೆಯಲ್ಲೂ ದಿನ ತಪ್ಪುವಂತೆ ಬದುಕು ಕಟ್ಟಿಕೊಂಡಿರುವಾಗ ದಿನದ ಹೊಣೆ ಬೇರೆಯವರ ಮೇಲೆ ಇರಬೇಕು. ಕಾನೂನು ಈ ವಿಷಯದಲ್ಲಿ ಈಗಾಗಲೇ ಮಾತಾಡಿದೆ, ಅದೂ ತಮಿಳುನಾಡಿನದೇ ಪ್ರಕರಣದಲ್ಲಿ. 1996ರ ಆಗಸ್ಟಿನಲ್ಲಿ ಚೆನ್ನೈನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೊಂಬತ್ತನೆಯ ವಾರಕ್ಕೇ ಹೆಣ್ಣು ಮಗುವೊಂದು ಹುಟ್ಟಿತು, ತೂಕ 1,250 ಗ್ರಾಂ. ಸೆಪ್ಟೆಂಬರಿನಲ್ಲಿ ಮನೆಗೆ ಕಳಿಸಿದರು. ಕಣ್ಣಿನ ಪರೀಕ್ಷೆ ಆಗಲಿಲ್ಲ, ಆಗಬೇಕೆಂದು ಯಾರೂ ಹೇಳಲೂ ಇಲ್ಲ. ನಾಲ್ಕು ತಿಂಗಳು ದಾಟಿದ ಮೇಲೆ ಬೇರೆ ವೈದ್ಯರೊಬ್ಬರಿಗೆ ಅನುಮಾನ ಬಂದಾಗ ಕಾಲ ಮಿಂಚಿತ್ತು. ಆ ಮಗುವಿನ ತಂದೆ ಹೂಡಿದ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2015ರ ಜುಲೈ 1ರಂದು ನ್ಯಾಯಮೂರ್ತಿಗಳಾದ ಜೆ.ಎಸ್. ಖೇಹರ್ ಮತ್ತು ಎಸ್.ಎ. ಬೋಬ್ಡೆ ಅವರ ಪೀಠ, ಪರೀಕ್ಷಿಸದಿದ್ದದ್ದೂ ಎಚ್ಚರಿಸದಿದ್ದದ್ದೂ ವೈದ್ಯಕೀಯ ನಿರ್ಲಕ್ಷ್ಯವೇ ಎಂದು ಎತ್ತಿಹಿಡಿದು ಸುಮಾರು 1.8 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಅಷ್ಟರಲ್ಲಿ ಆ ಮಗು ಹದಿನೆಂಟು ದಾಟಿದ ಯುವತಿಯಾಗಿದ್ದಳು. ಪರಿಹಾರದ ಮೊತ್ತವನ್ನು ನೋಡಿ ಬೆರಗಾದವರು ಹಲವರು. ನೋಡಬೇಕಾದದ್ದು ಅದರ ಹಿಂದಿನ ತರ್ಕ: ಕೂಸನ್ನು ಒಳಗೆ ಸೇರಿಸಿಕೊಂಡ ಆಸ್ಪತ್ರೆಗೆ ಅದರ ಕಣ್ಣಿನ ವಿಷಯದಲ್ಲಿ ಕರ್ತವ್ಯವಿದೆ, ಬಿಡುಗಡೆಯ ಚೀಟಿ ಬರೆದ ಮಾತ್ರಕ್ಕೆ ಅದು ಮುಗಿಯುವುದಿಲ್ಲ.

ಎರಡು ಆಕ್ಷೇಪಗಳು ಉಳಿದಿವೆ. ಪರೀಕ್ಷಿಸಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಬೇಕಾಗುವುದಿಲ್ಲ. ರೆಪ್ಪೆಗಳನ್ನು ತಂತಿಯ ಚಿಮಟದಿಂದ ಅಗಲಿಸಿ, ಪಾಪೆ ಹಿಗ್ಗಿಸುವ ಹನಿ ಹಾಕಿ, ಅಳುವ ಕೂಸನ್ನು ಹಿಡಿದು ನೋಡುವುದು ಹಿಂಸೆಯಲ್ಲವೇ? ಹೌದು, ಆ ಕೆಲವು ನಿಮಿಷ ಕೂಸಿಗೆ ಕಷ್ಟವೇ. ಎಳೆ ಶಿಶುಗಳ ನಾಡಿಬಡಿತ, ಉಸಿರು ಏರುಪೇರಾಗುವುದುಂಟು. ಅರಿವಳಿಕೆ ಹನಿ, ನಾಲಿಗೆಗೆ ಸಕ್ಕರೆ ನೀರು, ಬಟ್ಟೆಯಲ್ಲಿ ಸುತ್ತಿ ಹಿಡಿಯುವುದು, ಪಕ್ಕದಲ್ಲಿ ಶಿಶು ವೈದ್ಯರಿರುವುದು ಇವೆಲ್ಲ ಕಡ್ಡಾಯವಾಗಬೇಕು, ಆತುರದಲ್ಲಿ ಬಿಡುವಂತಿಲ್ಲ. ಪರೀಕ್ಷೆ ಶಿಶು ಘಟಕದೊಳಗೇ ನಡೆಯಬೇಕು ಎಂಬ ನನ್ನ ವಾದಕ್ಕೆ ಇದು ಇನ್ನೊಂದು ಸಮರ್ಥನೆ. ಯಾವ ಮಗುವಿಗೆ ಕಾಯಿಲೆ ಬಂದೀತು ಎಂದು ತೂಕ, ವಾರ ನೋಡಿ ಖಚಿತವಾಗಿ ಹೇಳುವ ವಿದ್ಯೆ ಇನ್ನೂ ಕೈಗೆ ಬಂದಿಲ್ಲದಿರುವಾಗ ಬಲೆಯನ್ನು ಸಣ್ಣದು ಮಾಡುವ ಧೈರ್ಯ ನಮಗಿರಬಾರದು. ಎರಡನೆಯ ಆಕ್ಷೇಪ, ಇಷ್ಟು ಶಿಶುಗಳು ಸಾಯುತ್ತಿರುವ ದೇಶದಲ್ಲಿ ಕಣ್ಣಿಗೆ ಹಣ ಸುರಿಯಬೇಕೇ ಎಂಬುದು. 2010ರ ಒಂದು ವರ್ಷದಲ್ಲೇ ಜಗತ್ತಿನಲ್ಲಿ ಸುಮಾರು 20,000 ಮಕ್ಕಳು ಇದರಿಂದ ಕುರುಡರೋ ಬಹುಪಾಲು ದೃಷ್ಟಿಹೀನರೋ ಆದರೆಂದು ಅಂದಾಜು. ವಯಸ್ಸಾದವರ ಪೊರೆಗಿಂತ ಸಂಖ್ಯೆ ತೀರ ಸಣ್ಣದು. ಆದರೆ ಇಲ್ಲಿ ಕಳೆದುಹೋಗುವುದು ಇಡೀ ಒಂದು ಬಾಳಿನ ದೃಷ್ಟಿ, ಉಳಿಸಲು ಬೇಕಾದದ್ದು ಕೆಲವು ಪರೀಕ್ಷೆ, ಒಂದು ಲೇಸರ್. ತೀವ್ರ ನಿಗಾ ಘಟಕದಲ್ಲಿ ವಾರಗಟ್ಟಲೆ ಸುರಿದ ಹಣಕ್ಕೆ ಹೋಲಿಸಿದರೆ ಇದರ ಖರ್ಚು ಅತ್ಯಲ್ಪ. ಜೀವಕ್ಕೆ ಅಷ್ಟು ಕೊಟ್ಟ ಮೇಲೆ ಕಣ್ಣಿಗೆ ಇಷ್ಟು ಕೊಡಲು ಕೈ ಬಿಗಿಹಿಡಿಯುವುದು ನ್ಯಾಯವಲ್ಲ.

ಇತ್ತೀಚೆಗೆ ಬಂದ ಚುಚ್ಚುಮದ್ದಿನಿಂದ ಈ ವಾದ ಇನ್ನಷ್ಟು ಮೊನಚಾಗಿದೆ. ವಿಇಜಿಎಫ್ ಅನ್ನು ತಡೆಯುವ ಬೆವಾಸಿಜುಮಾಬ್ 2011ರ ಬೀಟ್-ರಾಪ್ ಪರೀಕ್ಷೆಯಲ್ಲಿ, ರಾನಿಬಿಜುಮಾಬ್ 2019ರ ರೇನ್‌ಬೋ ಪರೀಕ್ಷೆಯಲ್ಲಿ ಒಳ್ಳೆಯ ಫಲ ತೋರಿಸಿದವು. ಕಣ್ಣಿನ ನಡುಭಾಗಕ್ಕೇ ತಗುಲಿದ ಕಾಯಿಲೆಗೆ ಇದು ವರದಾನ. ಲೇಸರಿನಷ್ಟು ಹೊತ್ತೂ ಬೇಡ. ಆದರೆ ಲೇಸರ್ ಹಸಿದ ಅಂಚನ್ನೇ ಇಲ್ಲವಾಗಿಸುತ್ತದೆ, ಚುಚ್ಚುಮದ್ದು ಅದನ್ನು ತಾತ್ಕಾಲಿಕವಾಗಿ ಸುಮ್ಮನಾಗಿಸುತ್ತದೆ. ತಿಂಗಳುಗಳ ನಂತರ ಕಾಯಿಲೆ ಮರುಕಳಿಸಬಹುದು. ಮನೆಗೆ ಹೋದ ಮಗುವನ್ನು ಹಿಂಬಾಲಿಸುವ ವ್ಯವಸ್ಥೆ ಇಲ್ಲದ ಕಡೆ, ಸುಲಭವಾಗಿ ಕಾಣುವ ಈ ಮದ್ದೇ ಅಪಾಯಕ್ಕೆ ದಾರಿ ಮಾಡಿಕೊಟ್ಟೀತು.

ಮಾಡಬೇಕಾದ ಕೆಲಸಗಳು ದೊಡ್ಡವಲ್ಲ. ಘಟಕದಲ್ಲೇ ಇರುವ ಮಗುವಿಗೆ ಮೊದಲ ಪರೀಕ್ಷೆ ಬಿಡುಗಡೆಗೂ ಮುನ್ನ ಆಗಲಿ; ಬೇಗ ಹೊರಟ ಮಗುವಿನ ಚೀಟಿಯಲ್ಲಿ ಮುಂದೆ ಕಣ್ಣು ತೋರಿಸಿ ಎಂಬ ಒಕ್ಕಣೆ ಬೇಡ, ತಾರೀಕು, ಜಾಗ, ಸಮಯ ಬರೆದಿರಲಿ. ಕಡತಕ್ಕೆ ತವರಿನ ವಿಳಾಸ, ಅಜ್ಜಿಯ ಫೋನ್ ಸಂಖ್ಯೆಯೂ ಸೇರಲಿ. ಬಾರದ ಮಗುವಿನ ಮನೆಗೆ ಅದೇ ದಿನ ಕರೆ ಹೋಗಲಿ, ಗ್ರಾಮ ಆರೋಗ್ಯ ನರ್ಸಿಗೆ ಹೆಸರು ತಲುಪಲಿ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಗೆ ಬರುವ ಅಸ್ವಸ್ಥ ನವಜಾತ ಶಿಶುವಿಗೆ ಉಚಿತ ವಾಹನವಿದೆ. ಅದೇ ವಾಹನ ಈ ಪರೀಕ್ಷೆಗೂ ಬರಬೇಕು. ಖಾಸಗಿ ನರ್ಸಿಂಗ್ ಹೋಮುಗಳಿಗೂ ಇದೇ ನಿಯಮ ಅನ್ವಯಿಸಲಿ, ಶಿಶು ಘಟಕದ ಪರವಾನಗಿಗೆ ಇದೂ ಒಂದು ಷರತ್ತಾಗಲಿ.

ಆ ವ್ಯವಸ್ಥೆ ಎಲ್ಲ ಕಡೆ ಬರುವ ತನಕ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ, ನೆಂಟರಲ್ಲಿ ಮೂವತ್ನಾಲ್ಕು ವಾರ ತುಂಬುವ ಮೊದಲೇ ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಗಿದ ಕೂಸು ಇದ್ದರೆ, ಅದರ ಅಕ್ಷಿಪಟಲದ ಪರೀಕ್ಷೆ ಯಾವತ್ತು, ಎಲ್ಲಿ, ಯಾರಿಂದ ಎಂದು ಇವತ್ತೇ ಕೇಳಿ, ಬರೆಸಿಕೊಳ್ಳಿ. ಒಮ್ಮೆ ನೋಡಿ ಚೆನ್ನಾಗಿದೆ ಎಂದರೂ ರಕ್ತನಾಳಗಳು ಅಂಚು ಮುಟ್ಟಿವೆ ಎಂದು ವೈದ್ಯರು ಹೇಳುವವರೆಗೆ ಕರೆದಷ್ಟು ಸಲ ಹೋಗಿ. ಬಾಣಂತನ ಮುಗಿಯಲಿ, ಆಮೇಲೆ ನೋಡೋಣ ಎಂದು ಮಾತ್ರ ಮುಂದೂಡಬೇಡಿ.